ಊಟದ ಹೊತ್ತಿನ ಕ್ಲಾಸು

ಕುಷ್ಟಗಿ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ತಂಗಿ ಗಂಗವ್ವಳಿಗೆ,

ನಿನ್ನ ಅಕ್ಕ ಶೈಲಜಾಳ ತುಂಬು ಮನಸ್ಸಿನ ಆಶೀರ್ವಾದ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನೀನು ಧಾರವಾಡದಲ್ಲಿ ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ಊಟ ಬಿಟ್ಟಿಲ್ಲ ಎಂದುಕೊಂಡಿದ್ದೇನೆ.

ಕಾಗದ ತಡವಾಯಿತು, ಬೈಯಬೇಡ. ನೌಕರಿಯ ಆರ್ಡರ್ ಬಂದ ದಿನ ನೀನು ಫೋನಿನಲ್ಲೇ ಕುಣಿದಾಡಿದೆ. ನಾನು "ಛಲೋ ಆತು ಬಿಡು" ಎಂದು ಎರಡು ಮಾತಾಡಿ, ಹಾಲು ಉಕ್ಕುತ್ತದೆ ಎಂದು ಫೋನ್ ಇಟ್ಟೆ. "ಅಕ್ಕಗ ಖುಷಿನ ಆಗಿಲ್ಲ" ಎಂದು ನೀನು ಕುಕನೂರಿಗೆ ಫೋನ್ ಹಚ್ಚಿ ಅವ್ವನ ಮುಂದೆ ಅತ್ತಿಯಂತೆ. ಅವ್ವ ಮರುದಿನ ನನ್ನನ್ನು ಹಿಡಿದು ಜಾಡಿಸಿದಳು: "ಸಣ್ಣಾಕಿ ಪರ್ಮನೆಂಟ್ ನೌಕರಿ ಹಿಡದಾಳ. ಬಾಯ್ತುಂಬ ನಾಕು ಮಾತಾಡಾಕ ನಿನಗೇನು ಧಾಡಿ?" ಹಾಲು ಉಕ್ಕಿದ್ದು ಖರೆ, ಗಂಗಾ. ಬಾಯ್ತುಂಬ ಮಾತಾಡಲಿಲ್ಲ ಎಂಬುದೂ ಖರೆ. ಅದಕ್ಕೇ ಈಗ ಇಷ್ಟುದ್ದ ಬರೆಯುತ್ತಿದ್ದೇನೆ.

ಫೋನಿನಲ್ಲಿ ಯಾಕೆ ಹೇಳಬಾರದು ಎಂದು ಕೇಳುತ್ತೀ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತೀ. ಕಾಗದವಾದರೆ ಪೂರ್ತಿ ಓದದೆ ಗತಿಯಿಲ್ಲ, ನಡುವೆ ನೀನು ಬಾಯಿ ಹಾಕಿದರೂ ನನಗೆ ಕೇಳಿಸುವುದಿಲ್ಲ.

ನಮ್ಮ ಮನೆಯವರ, ಅದೇ ನಿನ್ನ ಹಾಲೇಶ ಮಾವನ, ಬಟ್ಟೆ ಅಂಗಡಿ ದಸರಾ ಹತ್ತಿರ ಬಂದದ್ದಕ್ಕೆ ಜೋರು ನಡೆದಿದೆ. "ಗಂಗಾ ಬರೋದ್ರಾಗ ಮ್ಯಾಲಿನ ಖೋಲಿಗೆ ಸುಣ್ಣ ಹಚ್ಚಸ್ತೀನಿ" ಎಂದು ಹೇಳುತ್ತಲೇ ಇದ್ದಾರೆ, ಸುಣ್ಣದ ಡಬ್ಬಿ ಮಾತ್ರ ಇನ್ನೂ ಮನೆಗೆ ಬಂದಿಲ್ಲ. ಅಮಾಸಿ ಮುಗಿದ ಮೇಲೇ ಹಾಜರಾಗಬೇಕು ಎಂದು ಅವ್ವ ಪಟ್ಟು ಹಿಡಿದದ್ದು ಒಳ್ಳೆಯದೇ ಆಯಿತು. ಇಪ್ಪತ್ತೆರಡನೆಯ ತಾರೀಖು ಸೋಮವಾರ. ಅಷ್ಟರಲ್ಲಿ ಈ ಕಾಗದವೂ ನಿನಗೆ ಮುಟ್ಟುತ್ತದೆ, ಸುಣ್ಣವೂ ಆಗುತ್ತದೆ ಎಂದು ನನ್ನ ಆಸೆ.

ಗಂಗಾವತಿ ಖಾಲಿ ಇತ್ತು, ಕೊಪ್ಪಳ ಖಾಲಿ ಇತ್ತು. ಕಾಲುವೆಯ ಸೀಮೆ, ಅಕ್ಕಿಯ ಊರು, ದೊಡ್ಡ ಕಾಲೇಜು, ಎಲ್ಲ ಬಿಟ್ಟು ನೀನು ಕುಷ್ಟಗಿಯ ನಮ್ಮ ಕಾಲೇಜನ್ನೇ ಆರಿಸಿಕೊಂಡೆ. ಯಾಕವಾ ಎಂದರೆ, "ಅಕ್ಕಾ, ಅರ್ಥಶಾಸ್ತ್ರಕ್ಕ ಇಲ್ಲಿ ಇಬ್ಬರ ಕೆಲಸ ಒಬ್ಬಾಕಿನ ಮಾಡ್ತೀನಿ ಅಂತ ನೀನ ಅಂತಿದ್ದೆಲ್ಲ? ಇನ್ನ ಮ್ಯಾಲೆ ಇಬ್ಬರೂ ಕೂಡಿ ಮಾಡೂಣು. ಒಂದ ಸ್ಟಾಫ್ ರೂಮು, ಒಂದ ಡಬ್ಬಿ" ಎಂದೆ. ಹೌದು, ಅಂತಿದ್ದೆ. ಹಬ್ಬಕ್ಕೆ ಕೂಡಿದಾಗಲೆಲ್ಲ ಅದನ್ನೇ ಹೇಳಿ ಹೇಳಿ ನಿಮ್ಮೆಲ್ಲರ ತಲೆ ತಿಂದಿದ್ದೆ. ಹನ್ನೊಂದು ವರ್ಷದಿಂದ ನಾನು ಈ ಕಾಲೇಜಿನ ಅತಿಥಿ ಉಪನ್ಯಾಸಕಿ, ವರ್ಷ ವರ್ಷ ಹೊಸದಾಗಿ ಕರೆಸಿಕೊಳ್ಳುವ ಅತಿಥಿ. ಗೊಣಗುವುದಕ್ಕಾದರೂ ನನಗೆ ಹಕ್ಕಿರಲಿ.

ನೀನು ಮೊನ್ನೆ ಕೇಳಿದ ಪ್ರಶ್ನೆಗೆ ಬರುತ್ತೇನೆ. "ಹುಡುಗರು ಹ್ಯಾಂಗದಾರ? ಅವರಿಗೇನು ಬೇಕು?" ಎಂದೆ. ನಾನು ಉತ್ತರ ಹೇಳುವ ಮೊದಲೇ ನಿನ್ನ ಯೋಜನೆ ಒಪ್ಪಿಸಿಬಿಟ್ಟೆ. ಗೋಡೆಯ ಮೇಲೆ ಚಿತ್ರ ಬಿಡುತ್ತೀಯಂತೆ, ವಾರಕ್ಕೊಂದು ಪರೀಕ್ಷೆ ಇಡುತ್ತೀಯಂತೆ, ಹತ್ತು ಗಂಟೆಗೆ ಬೆಲ್ ಆದ ಕೂಡಲೇ ಬಾಗಿಲು ಹಾಕುತ್ತೀಯಂತೆ. "ತಡಾ ಮಾಡಿ ಬಂದವರು ಹೊರಗ. ಹದಿನೈದ ದಿನದಾಗ ಶಿಸ್ತು ಬರ್ತೈತಿ ನೋಡು" ಎಂದೆ. ಚಿತ್ರ ಬಿಡು, ಪರೀಕ್ಷೆ ಇಡು. ಆದರೆ ಆ ಬಾಗಿಲ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಸರಿ ಹತ್ತಿಲ್ಲ. ನೀನು ಬಾಗಿಲು ಹಾಕಿ, ಹತ್ತಕ್ಕೆ ಬಂದವರಿಗಷ್ಟೇ ಹಾಜರಿ ಎಂದರೆ ದುರಗಮ್ಮ ಎನ್ನುವ ಹುಡುಗಿಯೊಬ್ಬಳು ಈ ವರ್ಷ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂಡುವುದಿಲ್ಲ. ಕೂಡದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ಅದು ಹೇಗೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷಕ್ಕೆ ಮೊದಲು ನನ್ನ ಕ್ಲಾಸುಗಳು ಊಟದ ನಂತರ ಇರುತ್ತಿದ್ದವು. ಹೋದ ವರ್ಷ ವೇಳಾಪಟ್ಟಿ ಬದಲಾಗಿ, ಬಿ.ಎ. ಎರಡನೆಯ ವರ್ಷದ ಬೆಳಗಿನ ಮೊದಲ ಪಿರಿಯಡ್ಡು ನನ್ನ ಕೊರಳಿಗೆ ಬಿತ್ತು. ಜುಲೈ ತಿಂಗಳೆಲ್ಲ ಕ್ಲಾಸು ತುಂಬಿತ್ತು. ಆಗಸ್ಟ್ ಮುಗಿಯುವಷ್ಟರಲ್ಲಿ ಹುಡುಗಿಯರ ಕಡೆಯ ಬೆಂಚುಗಳು ಬಣಬಣ. ಪೇಟೆಯ ಹುಡುಗರು, ಹಾಸ್ಟೆಲಿನವರು ಬರುತ್ತಿದ್ದರು. ಹಳ್ಳಿಯ ಹುಡುಗಿಯರು ಮಧ್ಯಾಹ್ನದ ಬಸ್ಸಿಗೆ ಬಂದು ಕನ್ನಡ, ಇತಿಹಾಸ ಕೇಳಿ, ಮೂರಕ್ಕೆ ಮತ್ತೆ ಬಸ್ಸು ಹತ್ತುತ್ತಿದ್ದರು. ನನ್ನ ಕ್ಲಾಸು ಒಂದೇ ಅವರಿಗೆ ಬೇಡವಾಗಿತ್ತು. ನನಗೆ ಎಷ್ಟು ಸಿಟ್ಟು ಬಂತು ಅಂತೀ! ಇಷ್ಟು ವರ್ಷ ಪಾಠ ಮಾಡಿದವಳು, ನನ್ನ ಪಾಠ ಅಷ್ಟು ಸಪ್ಪಗಾಯಿತೇನು ಎಂದು ಒಳಗೊಳಗೇ ಕೊರಗಿದೆ. ಹಾಲೇಶ ಮಾವ ಮತ್ತಷ್ಟು ಉಪ್ಪು ಸುರಿದರು: "ಗಿರಾಕಿ ಬರ್ಲಿಲ್ಲಂದ್ರ ಗಿರಾಕಿನ ಬೈಬಾರದು, ಮಾಲು ನೋಡ್ಕೋಬೇಕು."

ಮಾಲು ನೋಡಿಕೊಳ್ಳೋಣ ಎಂದು ಒಂದು ದಿನ ಮಧ್ಯಾಹ್ನ ಎಲ್ಲರನ್ನೂ ಕೂಡಿಸಿ ಬಿಳಿ ಹಾಳೆ ಹಂಚಿದೆ. ನನ್ನ ಪಾಠದಲ್ಲಿ ಏನು ಕೊರತೆ ಇದೆ, ನಿಮಗೆ ಏನು ಬೇಕು, ಹೆಸರು ಹಾಕದೆ ಬರೆಯಿರಿ ಎಂದೆ. ಸಂಜೆ ಮನೆಯಲ್ಲಿ ಕುಳಿತು ಓದಿದೆ. "ಎಲ್ಲಾ ಛಲೋ ಐತ್ರಿ ಮೇಡಂ." "ಏನೂ ಕೊರತೆ ಇಲ್ರಿ." "ನೀವು ಭಾಳ ಛಲೋ ಹೇಳ್ತೀರಿ." ಒಬ್ಬಳು ಕೆಳಗೆ ಹೂವಿನ ಚಿತ್ರವನ್ನೂ ಬಿಡಿಸಿದ್ದಳು. ಕ್ಲಾಸಿಗೇ ಬಾರದವರು ಬರೆದ ಮಾತುಗಳಿವು! ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನೀನೂ ನಾನೂ ಹಾಗೆಯೇ ಬೆಳೆದವರಲ್ಲವೇನು? ಮಾಸ್ತರರು "ತಿಳೀತೇನು?" ಎಂದರೆ "ತಿಳೀತ್ರಿ" ಎನ್ನುವುದು. ತಿಳಿಯಲಿಲ್ಲ ಎಂದರೆ ಅವರಿಗೆ ಹೇಳಲು ಬರುವುದಿಲ್ಲ ಎಂದು ಎದುರಿಗೇ ಅಂದ ಹಾಗೆ. ಮನೆಯಲ್ಲಿ ಅದೇ ರೂಢಿ, ಸಾಲಿಯಲ್ಲೂ ಅದೇ. ಹೆಸರಿಲ್ಲದ ಹಾಳೆ ಕೊಟ್ಟರೆ ಆ ರೂಢಿ ಬಿಟ್ಟುಹೋಗುತ್ತದೆ ಎಂದುಕೊಂಡ ನಾನೇ ದಡ್ಡಿ. ನಿನ್ನ ಪೆಟ್ಟಿಗೆಯಲ್ಲೂ ಅಂಥ ಹಾಳೆಗಳು ಇರುತ್ತವೆ ಎಂದು ನನಗೆ ಗೊತ್ತು. ತರಬೇಡ.

ವಿಷಯ ಗೊತ್ತಾದದ್ದು ಒಂದು ಉಗುರಿನಿಂದ. ಒಂದು ದಿನ ವರಾಂಡದಲ್ಲಿ ದುರಗಮ್ಮ ಎದುರಾದಳು. ಸಣಕಲು ಹುಡುಗಿ, ಕಣ್ಣು ಮಾತ್ರ ಚುರುಕು. ಎಲ್ಲ ಉಗುರು ಕತ್ತರಿಸಿ, ಬಲಗೈ ಹೆಬ್ಬೆರಳಿನದೊಂದನ್ನು ಮಾತ್ರ ಉದ್ದ ಬಿಟ್ಟಿದ್ದಳು. ಅದರ ಸುತ್ತ ಕಂದು ಕಲೆ. ನನಗೆ ಮೊದಲೇ ಸಿಟ್ಟು ಇತ್ತಲ್ಲ, "ಏನವಾ ಇದು ಫ್ಯಾಶನ್ನು? ನಾಳಿ ಕತ್ತರಿಸಿಕೊಂಡು ಬಾ" ಎಂದೆ.

"ಹೂಂರಿ" ಎಂದಳು. ಎರಡು ಹೆಜ್ಜೆ ಹೋಗಿ ನಿಂತು, ನೆಲ ನೋಡುತ್ತ, "ಮೇಡಂ, ಇದೊಂದು ಇರ್ಲಿರಿ. ಬೇಕಾಗ್ತೈತ್ರಿ" ಎಂದಳು.

"ಎದಕ್ಕ ಬೇಕಾಗ್ತೈತಿ?"

"ಮೊಗ್ಗಿ ಸುಲಿಯಾಕ್ರಿ. ಹತ್ತಿ ಮೊಗ್ಗಿ."

ನಾವು ಕುಕನೂರಿನ ಕಿರಾಣಿ ಅಂಗಡಿಯ ಮಕ್ಕಳು. ನಮಗೆ ತಕ್ಕಡಿ ಗೊತ್ತು, ಹೊಲ ಗೊತ್ತಿಲ್ಲ. ಬಸ್ಸಿನ ಕಿಟಕಿಯಿಂದ ಹತ್ತಿ ಗಿಡಗಳಿಗೆ ಕೆಂಪು ದಾರ ಕಟ್ಟಿದ್ದನ್ನು ಎಷ್ಟು ಸಲ ನೋಡಿದ್ದೇನೆ! ದೃಷ್ಟಿ ಆಗಬಾರದೆಂದು ಕಟ್ಟಿರಬೇಕು ಎಂದುಕೊಂಡಿದ್ದೆ, ನಗಬೇಡ. ಈ ಕಡೆಯ ಹಳ್ಳಿಗಳಲ್ಲಿ ಬೀಜದ ಹತ್ತಿ ಬೆಳೆಯುತ್ತಾರೆ. ಹೆಣ್ಣು ಗಿಡದ ಮೊಗ್ಗನ್ನು ಉಗುರಿನಿಂದ ಸುಲಿದು, ಗುರುತಿಗೆ ದಾರ ಕಟ್ಟಿ, ಅದಕ್ಕೆ ಬೇರೆ ಗಿಡದ ಗಂಡು ಹೂವನ್ನು ಮುಟ್ಟಿಸಬೇಕು. ಇವರು ಅದನ್ನು ಕ್ರಾಸಿಂಗ್ ಎನ್ನುತ್ತಾರೆ. ಆಗಸ್ಟಿನಿಂದ ದೀಪಾವಳಿವರೆಗೆ ಊರಿಗೆ ಊರೇ ಅದರಲ್ಲಿ ಇರುತ್ತದೆ. ನಮ್ಮ ಹುಡುಗಿಯರು ಬೆಳಗ್ಗೆ ಹೊಲದಲ್ಲಿ ಹೂವು ಮುಟ್ಟಿಸಿ, ಕೈ ತೊಳೆದು, ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದರು. ನನ್ನ ಪಾಠ ಸಪ್ಪಗೂ ಆಗಿರಲಿಲ್ಲ, ಖಾರವೂ ಆಗಿರಲಿಲ್ಲ, ಅವರು ಅದನ್ನು ಕೇಳಿಯೇ ಇರಲಿಲ್ಲ.

ಇಷ್ಟು ಗೊತ್ತಾದ ಕೂಡಲೇ ನಿನ್ನ ಅಕ್ಕನಿಗೆ ರೆಕ್ಕೆ ಬಂತು. ಬೆಳಗ್ಗೆ ಆಗುವುದಿಲ್ಲವೇ, ಸಂಜೆ ಮಾಡೋಣ. ಪ್ರಾಚಾರ್ಯ ವಿರುಪಾಕ್ಷಿ ಸರ್ ಅವರ ಹತ್ತಿರ ಹೋಗಿ, ಬೆಳಗಿನ ಕ್ಲಾಸು ತಪ್ಪಿದವರಿಗೆ ಅದೇ ಪಾಠವನ್ನು ಇನ್ನೊಮ್ಮೆ ಮಾಡುತ್ತೇನೆ, ಆ ಹಾಜರಿಯನ್ನೇ ಹಿಡಿಯಲು ಒಪ್ಪಿಗೆ ಕೊಡಿ ಎಂದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಪಾಠ ಖರೇನ ನಡದ್ರ ಹಾಜರಿ ಹಾಕ್ರಿ. ಆದ್ರ ವೇಳಾಪಟ್ಟಿಗೆ ಸೇರಸಾಕ ಬರಂಗಿಲ್ಲ. ಅದು ನಿಮ್ಮ ಖುಷಿಲಿ ಮಾಡೋ ಕೆಲಸ" ಎಂದರು. ಖುಷಿಯಿಂದಲೇ ಮಾಡುತ್ತೇನೆ ಎಂದೆ. ಕ್ಲಾಸಿಗೆ ಬಂದು, ಇನ್ನು ಮೇಲೆ ನಿಮಗಾಗಿ ಮೂರೂವರೆಗೆ ಕ್ಲಾಸು ಎಂದು ಸಾರಿದೆ. ಎಲ್ಲರೂ ಒಂದೇ ದನಿಯಲ್ಲಿ "ಹೂಂರಿ ಮೇಡಂ" ಎಂದರು. ಆ ದಿನ ಸಂಜೆ ಹಾಲೇಶ ಮಾವನಿಗೆ ಬಜಿ ಕರಿದು ಹಾಕಿದೆ, ಅಷ್ಟು ಸಂತೋಷ ನನಗೆ.

ಮರುದಿನ ಮೂರೂವರೆಗೆ ಹೋದರೆ ಖಾಲಿ ಕ್ಲಾಸು. ಅದರ ಮರುದಿನವೂ ಖಾಲಿ. ನಮ್ಮ ಅಟೆಂಡರ್ ಮುಮ್ತಾಜಬೇಗಂ ಬಾಗಿಲಲ್ಲಿ ನಿಂತು, "ಯಾರಿಗೆ ಹೇಳಾಕ ಹತ್ತೀರಿ ಮೇಡಂ, ಬೆಂಚಿಗೇನು?" ಎಂದು ಕೇಳಿದಳು. ನನ್ನ ಪಿತ್ತ ನೆತ್ತಿಗೇರಿತು. ಆದದ್ದು ಆಗಲಿ ಎಂದು ಸೀದಾ ಬಸ್ಸು ಹತ್ತಿ ದುರಗಮ್ಮನ ಊರಿಗೆ ಹೋದೆ.

ಊರ ಮುಂದಿನ ಹೊಲದಲ್ಲೇ ಎಲ್ಲರೂ ಸಿಕ್ಕರು, ನನ್ನ ಅರ್ಧ ಕ್ಲಾಸು. ಸಾಲು ಸಾಲಾಗಿ ಬಾಗಿ ಮೊಗ್ಗು ಸುಲಿಯುತ್ತಿದ್ದರು. ನನ್ನನ್ನು ನೋಡಿದ್ದೇ ಎಲ್ಲರೂ ನೆಟ್ಟಗೆ ನಿಂತುಬಿಟ್ಟರು, ಕ್ಲಾಸಿನಲ್ಲಿ ನಿಂತ ಹಾಗೆಯೇ. ದುರಗಮ್ಮನ ತಾಯಿ ಪಕ್ಕೀರವ್ವ ಸೆರಗಿನಿಂದ ಕೈ ಒರೆಸುತ್ತ ಬಂದಳು. ನಾನು ನಮಸ್ಕಾರವನ್ನೂ ಹೇಳದೆ, "ನಿಮ್ಮ ಮಗಳ ಸಲುವಾಗಿ ನಾ ಸಂಜಿಗೆ ಕ್ಲಾಸ್ ಇಟ್ರ, ಇಲ್ಲಿ ಬಂದು ನಿಂತಾಳಲ್ರಿ?" ಎಂದೆ.

"ಸಂಜಿಗೆ ಹ್ಯಾಂಗ ಬರ್ತಾಳ್ರಿ ಯವ್ವಾ? ನಾಳೆ ಅರಳೋ ಮೊಗ್ಗಿ ಇವತ್ತ ಸಂಜಿಗೆ ಸುಲೀಬೇಕು. ನಾಳೆ ಮುಂಜಾನೆ ಅದಕ್ಕ ಹೂವ ಮುಟ್ಟಸ್ಬೇಕು. ಮುಂಜಾನಿದು ಮುಂಜಾನೆ, ಸಂಜಿದು ಸಂಜಿಗೆ. ಹೂವು ನಿಮ್ಮ ಬೆಲ್ಲು ಕೇಳಂಗಿಲ್ರಿ."

ದುರಗಮ್ಮನ ಕಡೆ ತಿರುಗಿ, "ಮತ್ತ ನಾ ಮೂರೂವರಿ ಅಂದಾಗ ಹೂಂ ಅಂದೆಲ್ಲ? ಆಗಂಗಿಲ್ಲ ಅಂತ ಯಾಕ ಅನ್ಲಿಲ್ಲ?" ಎಂದೆ.

ಅವಳು ಉಗುರು ನೋಡಿಕೊಳ್ಳುತ್ತ, "ನೀವು ಅಷ್ಟು ಖುಷಿಲೆ ಹೇಳಿದ್ರಿ. ಆಗಂಗಿಲ್ಲ ಅನ್ನಾಕ ಮನಸಾಗ್ಲಿಲ್ರಿ" ಎಂದಳು.

ಪಕ್ಕೀರವ್ವ ಕಟುಕಿಯಲ್ಲ, ಗಂಗಾ, ಹಾಗೆಂದು ತಿಳಿಯಬೇಡ. ಬದುವಿನ ಮೇಲೆ ಕುಳ್ಳಿರಿಸಿ, ಚಹಾ ತರಿಸಿ ಕುಡಿಸಿದಳು. ಆದರೆ ಮಾತು ಖಡಾಖಂಡಿತ. "ಇಕಿ ಕೈ ಛಲೋ ಐತ್ರಿ, ಸುಲಿದದ್ದ ಒಂದೂ ಕೆಡಂಗಿಲ್ಲ. ಕ್ರಾಸಿಂಗ್ ಬಿಡಿಸಿ ಸಾಲಿಗೆ ಕಳಸಾಕ ನಮಗ ಆಗಂಗಿಲ್ಲ. ಎರಡೂ ನಡಸ್ತೀನಿ ಅಂದಾಳ, ನಡಸ್ಲಿ. ಒಂದ ಸಲ ಪರೀಕ್ಷಾಕ್ಕ ಕುಂದರ್ಸಲಿಲ್ಲ ಅಂದ್ರ ಮುಗೀತ್ರಿ, ಮತ್ತ ಒಂದ ವರ್ಷ ಕಳಸಂಗಿಲ್ಲ" ಎಂದಳು. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಮಧ್ಯಾಹ್ನದ ವಿಷಯಗಳಲ್ಲಿ ಅವಳಿಗೆ ಹಾಜರಿ ಇತ್ತು. ಇಲ್ಲದ್ದು ನನ್ನದೊಂದರಲ್ಲೇ.

ವಾಪಸು ಬರುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಮುಂಜಾನೆ ಹೂವಿನದು, ಸಂಜೆ ಮೊಗ್ಗಿನದು. ನಡುವೆ ಅವರಿಗೆ ಉಳಿದಿರುವ ಹೊತ್ತಿನಲ್ಲಿ ಬೇರೆ ಕ್ಲಾಸುಗಳಿವೆ. ಖಾಲಿ ಇರುವುದು ಊಟದ ಬಿಡುವು ಒಂದೇ. ಸರಿ, ಅದೇ ಆಗಲಿ ಎಂದೆ. ಈ ಸಲ ಸಾರಲಿಲ್ಲ. ನನ್ನ ಡಬ್ಬಿ ತೆಗೆದುಕೊಂಡು ಅವರು ಊಟಕ್ಕೆ ಕೂಡುವ ಖೋಲಿಗೆ ಹೋಗಿ, "ನಾನೂ ಇಲ್ಲೇ ಉಣ್ಲೇನವಾ?" ಎಂದೆ. ಜಾಗ ಮಾಡಿಕೊಟ್ಟರು.

ಅಲ್ಲಿ ನಡೆದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನಮ್ಮಲ್ಲಿ ಉಣ್ಣುವವರು ಯಾರು ಬಂದರೂ ಏಳಬಾರದಲ್ಲ? ಊಟದ ಗಂಗಾಳದ ಮುಂದೆ ಕುಳಿತವನು ಗುರು ಬಂದರೂ ಏಳಬೇಕಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು. ಕ್ಲಾಸಿನಲ್ಲಿ ಈ ಹುಡುಗಿಯರು ಒಂದು ಮಾತಾಡಬೇಕೆಂದರೆ ಎದ್ದು ನಿಲ್ಲಬೇಕು. ಎದ್ದು ನಿಂತರೆ ಹುಡುಗರೆಲ್ಲ ತಿರುಗಿ ನೋಡುತ್ತಾರೆ, ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಮಾತು ಮರೆತುಹೋಗುತ್ತದೆ. ಊಟಕ್ಕೆ ಕುಳಿತಾಗ ಏಳುವ ಹಾಗಿಲ್ಲ. ನೆಲದ ಮೇಲೆ ದುಂಡಗೆ ಕುಳಿತು, ರೊಟ್ಟಿ ಮುರಿಯುತ್ತ, ತಟ್ಟೆ ನೋಡುತ್ತ ಮಾತಾಡುತ್ತಾರೆ. ನನ್ನ ಮುಖ ನೋಡಬೇಕಾಗಿಲ್ಲ, ನಾನು ಬೋರ್ಡಿನ ಮುಂದೆ ನಿಂತೂ ಇಲ್ಲ.

ನಾನು ಬೇಡಿಕೆಯ ನಿಯಮ ಹೇಳುತ್ತಿದ್ದೆ. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ, ಅಷ್ಟೇ. ದುರಗಮ್ಮ ತಟ್ಟೆಯಿಂದ ತಲೆ ಎತ್ತದೆ, "ಹಂಗಂದ್ರ ಬಂಗಾರದ್ದೇನ್ರಿ ಮೇಡಂ? ರೇಟು ಏರಿದಂಗ ನಮ್ಮೂರಾಗ ಎಲ್ಲಾರೂ ತಗೊಳ್ಳಾಕ ಓಡ್ತಾರಲ್ರಿ?" ಎಂದಳು. ಪಕ್ಕದವಳು, "ನಾಳೆ ಇನ್ನೂ ಏರ್ತೈತಿ ಅಂತ ಅಂಜಿ ಓಡ್ತಾರಬೇ" ಎಂದಳು. ಇನ್ನೊಬ್ಬಳು, "ಹಂಗಾದ್ರ ಈರುಳ್ಳಿಗ್ಯಾಕ ಓಡಂಗಿಲ್ಲ?" ಎಂದಳು. ನೋಡು ಗಂಗಾ, ನಾನು ಹತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು "ತಿಳೀತೇನು?" ಎಂದು ಕೇಳಿದ್ದೆ. ಒಬ್ಬರೂ ಬಂಗಾರದ ಮಾತು ಎತ್ತಿರಲಿಲ್ಲ. ಆ ದಿನ ನನ್ನ ರೊಟ್ಟಿ ತಟ್ಟೆಯಲ್ಲೇ ಒಣಗಿತು, ನಾನು ಉಣ್ಣುವುದನ್ನೇ ಮರೆತಿದ್ದೆ.

ಅಂದಿನಿಂದ ಬೆಳಗ್ಗೆ ಬೋರ್ಡಿನ ಮುಂದೆ ಒಮ್ಮೆ, ಮಧ್ಯಾಹ್ನ ರೊಟ್ಟಿಯ ಮುಂದೆ ಇನ್ನೊಮ್ಮೆ. ಹೋದ ವರ್ಷ ದುರಗಮ್ಮ ಪರೀಕ್ಷೆಗೆ ಕುಳಿತು ಪಾಸಾದಳು. ಈಗ ಕೊನೆಯ ವರ್ಷ. ಮೊದಲ ಪಿರಿಯಡ್ಡು ಈ ವರ್ಷವೂ ನಮ್ಮದೇ, ಕ್ರಾಸಿಂಗ್ ಮತ್ತೆ ಶುರುವಾಗಿದೆ, ಊಟದ ಹೊತ್ತಿನ ಕ್ಲಾಸು ನಡೆದಿದೆ. ದೀಪಾವಳಿವರೆಗೆ ಅದು ನಡೆದರೆ ಅವಳ ಹಾಜರಿ ತುಂಬುತ್ತದೆ, ನಡುವೆ ನಿಂತರೆ ಇಲ್ಲ.

ಎಲ್ಲರಿಗೂ ಇದೇ ಮದ್ದು ಎಂದುಕೊಳ್ಳಬೇಡ ಮತ್ತೆ. ಬೆಳಗಿನ ಕ್ಲಾಸಿನಲ್ಲಿ ವಾಹೀದ ಎಂಬ ಹುಡುಗನಿದ್ದಾನೆ. ಹೈವೇ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುತ್ತಾನೆ, ಹಾಜರಿ ಕೂಗಿದಾಗ "ಜೀ ಮೇಡಂ" ಎನ್ನುತ್ತಾನೆ, ಆಮೇಲೆ ಗೋಡೆಗೆ ಒರಗಿ ನಿದ್ದೆ. ಅವನಿಗೆ ನಾನು ಪಾಠವನ್ನು ಫೋನಿನಲ್ಲಿ ಮಾತಾಡಿ ಕಳಿಸುತ್ತೇನೆ, ಗಾಡಿ ಇಲ್ಲದ ಹೊತ್ತಿನಲ್ಲಿ ಕೇಳುತ್ತಾನಂತೆ. "ನಿಮ್ಮ ಪಾಠದಾಗ ಕುಕ್ಕರ್ ಸೀಟಿ ಕೇಳ್ತೈತ್ರಿ ಮೇಡಂ" ಎಂದು ನಗುತ್ತಾನೆ. ಅವನನ್ನು ಎಬ್ಬಿಸಬೇಡ.

ಕೈ ನೋಯುತ್ತಿದೆ. ಮಾವ ಊಟಕ್ಕೆ ಬಂದರು. ಉಳಿದದ್ದು ನಾಳೆ.

೧೬ ಸೆಪ್ಟೆಂಬರ್, ಮಂಗಳವಾರ

ನಾಳೆ ಎಂದದ್ದು ಎರಡು ದಿನವಾಯಿತು. ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ, ಮುಂದಿನ ಸೋಮವಾರದಿಂದ ಹೊಸ ಮೇಡಂ ಬರುತ್ತಾರೆ ಎಂದು ಹುಡುಗಿಯರಿಗೆ ಹೇಳಿದೆ. ನನ್ನ ತಂಗಿ, ಪಿಎಚ್‌.ಡಿ. ಮಾಡಿದವಳು, ನನಗಿಂತ ಹತ್ತು ಪಟ್ಟು ಜಾಣೆ ಎಂದು ನಿನ್ನನ್ನು ಹೊಗಳಿಯೂ ಹೊಗಳಿದೆ. ಎಲ್ಲರೂ "ಹೂಂರಿ" ಎಂದರು. ಈಗ ನನಗೆ ಆ ಹೂಂಗಳ ಗುರುತು ಸಿಗುತ್ತದೆ. ಇದು ಬೇರೆ ಏನನ್ನೋ ಕೇಳಬೇಕಾದಾಗಿನ ಹೂಂ.

ನಾನು ಇನ್ನೊಂದು ರೊಟ್ಟಿ ಮುರಿದೆ. ದುರಗಮ್ಮ, "ಹೊಸ ಮೇಡಂ ಉಣ್ಣಾಕ ಬರ್ತಾರೇನ್ರಿ?" ಎಂದು ಕೇಳಿದಳು.

ಪಾಠ ಹೇಗೆ ಹೇಳುತ್ತಾರೆ ಎಂದಲ್ಲ, ನೋಟ್ಸ್ ಕೊಡುತ್ತಾರೇನು ಎಂದೂ ಅಲ್ಲ. ಉಣ್ಣಲು ಬರುತ್ತಾರೇನು. ನಾನು ನಿನ್ನ ಪರವಾಗಿ ಬರುತ್ತಾರೆ ಎಂದುಬಿಟ್ಟೆ. ನನ್ನ ಮಾತು ಉಳಿಸುವುದು ನಿನ್ನ ಕೈಯಲ್ಲಿದೆ.

"ನೀವೂ ಇರ್ತೀರಲ್ರಿ?" ಎಂದಳು. ಹೂಂ ಎಂದೆ.

ಇನ್ನು ನಾನು ಕೇಳುವುದು ಇಷ್ಟೇ. ಬಾಗಿಲು ಹಾಕಬೇಡ. "ತಿಳೀತೇನು?" ಎಂದು ಕೇಳಲೇಬೇಡ, ಯಾಕೆಂದರೆ ಆ ಪ್ರಶ್ನೆಗೆ ಈ ಊರಿನಲ್ಲಿ ಇರುವುದು ಒಂದೇ ಉತ್ತರ. ಏನು ಬೇಕು ಎಂದೂ ಕೇಳಬೇಡ. ಬಸ್ಸು ಎಷ್ಟಕ್ಕೆ ಸಿಕ್ಕಿತು, ಇವತ್ತು ಎಷ್ಟು ಸಾಲು ಮುಗಿಸಿದೆ, ಕೈಗೇನಾಯಿತು ಎಂದು ಕೇಳು, ಹೇಳುತ್ತಾರೆ. ನನಗೂ ಇದೆಲ್ಲ ಪೂರ್ತಿ ಬಂದಿಲ್ಲ. ನಾನು ಕಾಣದೆ ಬಿಟ್ಟದ್ದು ಇನ್ನೂ ಬೇಕಾದಷ್ಟು ಇರಬಹುದು, ನಿನ್ನ ಕಣ್ಣಿಗೆ ಬೀಳಲಿ. ಅವರು ಗುರೆಳ್ಳ ಚಟ್ನಿ ಕೊಟ್ಟರೆ ಖಾರ ಎಂದು ಹಿಂದೆ ಸರಿಯಬೇಡ, ತಿನ್ನು, ನೀರು ಕುಡಿ.

ಅವ್ವ ಶನಿವಾರವೇ ಇಲ್ಲಿಗೆ ಬರುತ್ತಾಳೆ, ನಿನಗೆ ಹೋಳಿಗೆ ಮಾಡಿ ಹಾಕಬೇಕಂತೆ. ಧಾರವಾಡದ ಪೇಢೆ ಮರೆಯಬೇಡ. ಹಾಲೇಶ ಮಾವ ನಿನಗೆ ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದಾರೆ, ಮೊದಲ ದಿನ ಅದನ್ನೇ ಉಟ್ಟುಕೊಂಡು ಹೋಗು.

ನಿನ್ನ ಕೈಯಿಂದ ನೂರಾರು ಮಕ್ಕಳು ದಾಟಲಿ. ನಿನ್ನ ಕ್ಲಾಸಿನಲ್ಲಿ ಬೆಂಚು ಎಂದೂ ಬಣಬಣ ಅನ್ನದಿರಲಿ. ನಗುನಗುತ್ತ ಇರು, ಮಗಳೇ.

ನಿನ್ನ ಅಕ್ಕ,
ಶೈಲಜಾ

ಮ.ಮಾ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಸೋಮವಾರ ಕಾಲೇಜಿನಲ್ಲಿ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು. ಅರ್ಥಶಾಸ್ತ್ರಕ್ಕೆ ಇಲ್ಲಿ ವೇಳಾಪಟ್ಟಿಯಲ್ಲಿ ಇರುವುದು ಒಬ್ಬರ ಕೆಲಸ. ನಾನು ಇಬ್ಬರದು ಎನ್ನುತ್ತಿದ್ದೆನಲ್ಲ, ಇನ್ನೊಂದು ಪಾಲು ಊಟದ ಹೊತ್ತಿನ ಕ್ಲಾಸು. ಅದು ಯಾವ ಕಾಗದದಲ್ಲೂ ಇಲ್ಲ. ಕಾಯಂ ನೌಕರರು ಬಂದ ದಿನ ಅತಿಥಿಯ ಕೆಲಸ ಮುಗಿಯುತ್ತದೆ. ವಿರುಪಾಕ್ಷಿ ಸರ್ ಕರೆದು ಹೇಳಿದರು, ಪಾಪ, ಅವರ ಮುಖವೇ ಸಣ್ಣದಾಗಿತ್ತು. ಶನಿವಾರ ನನ್ನ ಕೊನೆಯ ದಿನ. ಹುಡುಗಿಯರಿಗೆ ಇನ್ನೂ ಹೇಳಿಲ್ಲ.

ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ನೀನು ಗಂಗಾವತಿ ಆರಿಸಿಕೊಂಡಿದ್ದರೆ ಎಂದು ಒಂದು ದಿನವೆಲ್ಲ ನಿನ್ನ ಮೇಲೂ ಸಿಟ್ಟಾದೆ. ಆಮೇಲೆ ಯೋಚಿಸಿದೆ, ಈ ಜಾಗಕ್ಕೆ ಇಂದಲ್ಲ ನಾಳೆ ಯಾರಾದರೂ ಬರುವವರೇ. ಬೇರೆಯವರು ಬಂದಿದ್ದರೆ ನಾನು ಇಂಥ ಕಾಗದ ಯಾರಿಗೆ ಬರೆಯಬೇಕಿತ್ತು? ಜಾಗ ಬದಲಿಸಲು ಓಡಾಡಬೇಡ, ನನ್ನಾಣೆ. ಯಲಬುರ್ಗಾದ ಕಡೆ ಒಂದು ಖಾಸಗಿ ಕಾಲೇಜಿನವರು ಕೇಳುತ್ತಿದ್ದಾರೆ, ನೋಡೋಣ. ಅವ್ವನಿಗೆ ಹೋಳಿಗೆ ಉಂಡ ಮೇಲೆ ಹೇಳೋಣ.

ನಿನ್ನ ಆರ್ಡರ್ ಬಂದ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ನೀನು ಅಷ್ಟು ಖುಷಿಯಿಂದ ಹೇಳಿದೆ, ಗಂಗಾ. ಆಗಂಗಿಲ್ಲ ಅನ್ನಾಕ ಮನಸಾಗ್ಲಿಲ್ಲ.

ಸೋಮವಾರ ನಿನ್ನ ಡಬ್ಬಿ ನಾನೇ ಕಟ್ಟುತ್ತೇನೆ, ಎರಡು ರೊಟ್ಟಿ ಹೆಚ್ಚು ಇರುತ್ತವೆ. ಅವು ದುರಗಮ್ಮನವು. ಮುಂಜಾನೆ ಹೊಲದಿಂದ ಬಂದವಳಿಗೆ ಅವಳ ಡಬ್ಬಿ ಸಾಲುವುದಿಲ್ಲ. ಕೊಟ್ಟರೆ "ಬ್ಯಾಡ್ರಿ" ಅಂತಾಳೆ. ನಂಬಬೇಡ, ತಟ್ಟೆಗೆ ಹಾಕಿಬಿಡು.